ಸೀಟು ದಂಡವಾಯಿತು ಎನ್ನುವವರಿಗೆ

ಎಂಬಿಬಿಎಸ್ ಮುಗಿಸಿದ ಹುಡುಗಿ ‘ಪಿಜಿ ನೀಟ್ ಬರೆಯುವುದಿಲ್ಲ, ಆಪ್ತ ಸಮಾಲೋಚನೆಯ ತರಬೇತಿಗೆ ಸೇರುತ್ತೇನೆ’ ಎಂದರೆ ನಮ್ಮ ಮನೆಗಳಲ್ಲಿ ಸೂತಕ ಕವಿದಂತಾಗುತ್ತದೆ. ಅಪ್ಪ ಮಾತು ಬಿಡುತ್ತಾರೆ. ಅಮ್ಮ ಯಾರ ಕಣ್ಣು ಬಿತ್ತೋ ಎಂದು ಉಪ್ಪು–ಮೆಣಸಿನಕಾಯಿ ನಿವಾಳಿಸುತ್ತಾರೆ. ಊರಿಂದ ದೊಡ್ಡಪ್ಪ ಫೋನು ಮಾಡಿ, ‘ರ‍್ಯಾಂಕ್ ಬರಲಿಲ್ಲ ಅಂತ ಬೇಜಾರಾ ಕಂದಾ? ಇನ್ನೊಂದ್ಸಲ ಬರೆದ್ರಾಯ್ತು ಬಿಡು’ ಎನ್ನುತ್ತಾರೆ. ಆಕೆ ಏನು ಹೇಳಿದಳೆಂದು ಕೇಳಿಸಿಕೊಳ್ಳುವ ಮೊದಲೇ ಪರಿಹಾರ ಬಂತು. ತರಬೇತಿ ಇಲ್ಲದ ಸಮಾಲೋಚನೆ ಹೇಗಿರುತ್ತದೆಂದು ತೋರಿಸಲು ಇಷ್ಟು ಸಾಕಿತ್ತು. ಆದರೆ ಈ ದೊಡ್ಡಪ್ಪನ ಅಭಿಪ್ರಾಯವೇ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರ ಕೊಠಡಿಯಲ್ಲೂ, ವೈದ್ಯರ ಸಂಘದ ಸಭೆಯ ಊಟದ ಸಾಲಿನಲ್ಲೂ ಕೇಳಿಬರುತ್ತದೆ. ಆದ್ದರಿಂದ ಅದರೊಂದಿಗೆ ಸ್ವಲ್ಪ ವಿವರವಾಗಿಯೇ ಜಗಳವಾಡಬೇಕಾಗಿದೆ.

ಮೊದಲು ‘ಸೀಟು ದಂಡ’ದ ಲೆಕ್ಕ. ಜನರ ತೆರಿಗೆ ಹಣದಲ್ಲಿ ಓದಿದವರು ಜನರಿಗೆ ಔಷಧ ಕೊಡಬೇಕು, ಕುರ್ಚಿ ಎಳೆದುಕೊಂಡು ಮಾತಿಗೆ ಕೂರಬಾರದು ಎಂಬುದು ವಾದ. ಸರಿ. ಆದರೆ ಎಂಬಿಬಿಎಸ್ ಮುಗಿಸಿ ಯುಪಿಎಸ್‌ಸಿ ಪಾಸಾಗಿ ಜಿಲ್ಲಾಧಿಕಾರಿಯಾದವರಿಗೆ ನಾವು ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡುತ್ತೇವೆ. ಯುಎಸ್‌ಎಂಎಲ್‌ಇ ಬರೆದು ಅಮೆರಿಕಕ್ಕೆ ಹೋದವರ ಫೋಟೊ ಜಾತಿ ಸಂಘದ ಸ್ಮರಣ ಸಂಚಿಕೆಯಲ್ಲಿ ಬರುತ್ತದೆ. ಎಂಬಿಎ ಸೇರಿಸಿಕೊಂಡು ಕಾರ್ಪೊರೇಟ್ ಆಸ್ಪತ್ರೆಯ ಆಡಳಿತ ಹಿಡಿದವರು ‘ಬುದ್ಧಿವಂತರು’. ಕೂದಲು ನಾಟಿ ಮಾಡುವ ಕ್ಲಿನಿಕ್ಕಿನ ಉದ್ಘಾಟನೆಗೆ ಶಾಸಕರೇ ಟೇಪು ಕತ್ತರಿಸಲು ಬರುತ್ತಾರೆ. ಅಲ್ಲೆಲ್ಲೂ ದಂಡವಾಗದ ಸೀಟು, ಅಳುವವರ ಎದುರು ಮುಕ್ಕಾಲು ಗಂಟೆ ಕೂರುತ್ತೇನೆ ಎಂದ ಕೂಡಲೇ ದಂಡವಾಗುತ್ತದೆ. ತಕರಾರು ತೆರಿಗೆ ಹಣದ ಬಗ್ಗೆ ಇದ್ದರೆ ಎಲ್ಲರ ಮೇಲೂ ಇರಬೇಕಿತ್ತು. ಇರುವುದು ಅಂತಸ್ತಿನ ತಕರಾರು. ಅದಕ್ಕೆ ಸಾರ್ವಜನಿಕ ಹಿತದ ಹೆಸರು ಯಾಕೆ?

ಇನ್ನು ಆ ಸೀಟಿನಿಂದ ಹೊರಬಂದ ಔಷಧ ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ನೋಡಬೇಕು. ಯಾವುದೇ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ಕೂತರೆ ಈ ಹೆಂಗಸು ಕಂಡೇ ಕಾಣುತ್ತಾಳೆ. ನಲವತ್ತರ ಆಸುಪಾಸು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಚಿ ಮಡಿಚಿ ಹರಿದ ಇಸಿಜಿ, ಹೊಟ್ಟೆಯ ಸ್ಕ್ಯಾನಿಂಗು, ರಕ್ತದ ವರದಿ. ‘ಮೈಯೆಲ್ಲಾ ಉರಿ ಸಾ. ಎದೆ ಡವಡವ ಅಂತದೆ. ರಾತ್ರಿ ನಿದ್ದೆ ಅಂಬೋದೇ ಇಲ್ಲ.’ ವರದಿಗಳೆಲ್ಲ ನಾರ್ಮಲ್. ವೈದ್ಯರು ‘ಗ್ಯಾಸ್ಟ್ರಿಕ್ ಕಣಮ್ಮ’ ಎನ್ನುತ್ತಾ ಆಗಲೇ ಬರೆಯುತ್ತಿದ್ದಾರೆ: ಪ್ಯಾಂಟೊಪ್ರಜೋಲ್, ಒಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್, ತೀರಾ ಒತ್ತಾಯಿಸಿದರೆ ಮಲಗುವಾಗ ಅರ್ಧ ಅಲ್ಪ್ರಜೋಲಾಂ. ಹಿಂದೆ ಸಾಲು ಬಾಗಿಲಾಚೆಗೂ ಇದೆ. ಎದೆ ಡವಡವ ಯಾವ ದಿನ ಜಾಸ್ತಿ ಎಂದು ಯಾರಾದರೂ ಕೇಳಿದ್ದರೆ, ವಾರದ ಸಂಘದ ಕಂತು ಕಟ್ಟಬೇಕಾದ ಹಿಂದಿನ ರಾತ್ರಿ ಎಂಬ ಉತ್ತರ ಸಿಗುತ್ತಿತ್ತು. ಆ ಕಂತಿನ ದುಡ್ಡನ್ನು ಗಂಡ ಕುಡಿಯುತ್ತಾನೆ ಎಂಬುದೂ ನಿಧಾನವಾಗಿ ಬರುತ್ತಿತ್ತು. ಯಾರೂ ಕೇಳುವುದಿಲ್ಲ. ಮುಂದಿನ ತಿಂಗಳು ಆಕೆ ಇನ್ನೊಬ್ಬ ವೈದ್ಯರ ಮುಂದೆ, ಇನ್ನೊಂದು ಸ್ಕ್ಯಾನಿಂಗ್ ಚೀಟಿಯ ಜೊತೆ. ದಂಡದ ಲೆಕ್ಕ ಹಾಕುವುದೇ ಆದರೆ ಆ ಕವರಿನಿಂದ ಶುರುಮಾಡಬಹುದು.

ಇಂಥವರು ಅಪರೂಪವೇನಲ್ಲ. ನಿಮ್ಹಾನ್ಸ್ ಮುಂದಾಳುತನದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು ಎಂದಿತು. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯವರು ಒಟ್ಟು ವಯಸ್ಕರಲ್ಲಿ ಶೇ 1ಕ್ಕಿಂತ ಕಡಿಮೆ. ಉಳಿದದ್ದು ಹೆಚ್ಚಾಗಿ ಖಿನ್ನತೆ, ಆತಂಕ, ಕುಡಿತ. ಚಿಕಿತ್ಸೆ ಸಿಗದೇ ಉಳಿದವರು ಕಾಯಿಲೆಯಿಂದ ಕಾಯಿಲೆಗೆ ಶೇ 70ರಿಂದ 92. ಈ ಜನ ಮೊದಲು ಹೋಗುವುದು ಮನೋವೈದ್ಯರ ಬಳಿಗಲ್ಲ, ಬೀದಿಯ ಮೂಲೆಯ ಎಂಬಿಬಿಎಸ್ ಡಾಕ್ಟರ ಬಳಿಗೆ. ಹೋಗುವುದೂ ಮೈಕೈ ನೋವು, ಸುಸ್ತು, ತಲೆಸುತ್ತು ಎಂದೇ. ಹೀಗಿರುವಾಗ ಆ ಎಂಬಿಬಿಎಸ್ ಡಾಕ್ಟರು ಕೇಳಿಸಿಕೊಳ್ಳುವುದನ್ನು ಕಲಿಯಲು ಹೊರಟರೆ ನಾವು ತಲೆಮೇಲೆ ಕೈ ಹೊತ್ತು ಕೂರುತ್ತೇವೆ!

ಇಲ್ಲಿ ಸ್ವಲ್ಪ ಓದಿಕೊಂಡವರು ಎರಡನೆಯ ಮಾತು ತೆಗೆಯುತ್ತಾರೆ. ‘ಮನಸ್ಸಿನಲ್ಲಿ ಅಷ್ಟು ಆಸಕ್ತಿ ಇದ್ದರೆ ಎಂ.ಡಿ. ಸೈಕಿಯಾಟ್ರಿ ಮಾಡಲಿ, ಅದು ಬಿಟ್ಟು ಇದೆಂಥ ಅಡ್ಡದಾರಿ?’ ಇದು ಗಂಭೀರವಾದ ಆಕ್ಷೇಪಣೆ. ಮನೋವೈದ್ಯರು ನಮಗೆ ಬೇಕು, ಈಗಿರುವುದಕ್ಕಿಂತ ಎಷ್ಟೋ ಪಟ್ಟು ಬೇಕು. ಲಿಥಿಯಂ ಯಾವಾಗ ಶುರುಮಾಡಬೇಕು, ಕ್ಲೊಜಪೀನ್ ಕೊಟ್ಟಾಗ ರಕ್ತದಲ್ಲಿ ಏನು ನೋಡುತ್ತಿರಬೇಕು, ಯಾರಿಗೆ ವಿದ್ಯುತ್ ಚಿಕಿತ್ಸೆ ಜೀವ ಉಳಿಸುತ್ತದೆ ಎಂಬುದು ಅವರಿಗಲ್ಲದೆ ಬೇರೆಯವರಿಗೆ ಬಿಡುವಂಥದ್ದಲ್ಲ. ಆದರೆ ಅವರನ್ನು ನಾವು ಹೇಗೆ ಬಳಸಿಕೊಳ್ಳುತ್ತಿದ್ದೇವೆ? ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಒಳ್ಳೆಯ ಯೋಜನೆ. ಆ ಒಂದು ದಿನ ಸಾಲು ನಿಂತವರಲ್ಲಿ ಯಾರಿಗೆ ಮುಕ್ಕಾಲು ಗಂಟೆ ಕೊಡಲಾದೀತು? ಮಾತ್ರೆ ಬದಲಿಸುವುದು, ಡೋಸು ಹೊಂದಿಸುವುದು, ಮುಂದಿನ ತಾರೀಕು ಬರೆಯುವುದು, ಅಷ್ಟರಲ್ಲಿ ದಿನ ಮುಗಿಯುತ್ತದೆ.

ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಮನೋವೈದ್ಯಶಾಸ್ತ್ರವೂ ಸಮಾಲೋಚನೆಯೂ ಒಂದೇ ವಿದ್ಯೆಯ ದೊಡ್ಡ ತರಗತಿ, ಚಿಕ್ಕ ತರಗತಿ ಎಂಬ ಕಲ್ಪನೆಯೇ ತಪ್ಪು. ಬೆಂಗಳೂರಿನವರಿಗಾದರೂ ಇದು ಗೊತ್ತಿರಬೇಕಿತ್ತು. ಮುಂದೆ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಇಲ್ಲಿ ಹುಟ್ಟಿದಾಗ, ವೈದ್ಯರಿಗೆ ಮನೋವೈದ್ಯದ ಡಿಪ್ಲೊಮಾ ಒಂದು, ಮನಶ್ಶಾಸ್ತ್ರ ಓದಿದವರಿಗೆ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಇನ್ನೊಂದು ಎಂದು ಮೊದಲಿಗೇ ಎರಡು ಬೇರೆ ಬೇರೆ ಓದುಗಳನ್ನು ಇಟ್ಟಿತು. ಒಂದೇ ಸೂರಿನಡಿ ಎರಡು ಕಲಿಕೆ. ಮೊದಲ ನಿರ್ದೇಶಕ ಎಂ.ವಿ. ಗೋವಿಂದಸ್ವಾಮಿಯವರ ಕಾಲಕ್ಕೇ ಸ್ಪಷ್ಟವಿದ್ದದ್ದು ನಮಗೆ ಈಗ ಮಸುಕಾಗಿದೆ.

ಗಂಡ ತೀರಿಕೊಂಡ ಹೆಂಗಸಿಗೆ, ಮಕ್ಕಳಾಗದ ದಂಪತಿಗೆ, ಸ್ತನ ತೆಗೆಸಿಕೊಂಡು ಕನ್ನಡಿ ನೋಡಲಾರದವಳಿಗೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕೂರುವವನಿಗೆ ಮನೋರೋಗವಿಲ್ಲ. ಅವರ ಕಷ್ಟಕ್ಕೆ ರೋಗದ ಹೆಸರು ಕೊಡುವ ಅಗತ್ಯವೂ ಇಲ್ಲ. ಅವರಿಗೆ ದೇಹ ತಿಳಿದವರು, ಜೊತೆಗೆ ಕೇಳಿಸಿಕೊಳ್ಳಲು ಕಲಿತವರು ಬೇಕು. ಎರಡೂ ಒಬ್ಬರಲ್ಲೇ ಇದ್ದರೆ ಏನು ಪ್ರಯೋಜನ ಎನ್ನುವವರು ಹೀಗೊಮ್ಮೆ ಯೋಚಿಸಲಿ. ಪಿಯುಸಿ ಹುಡುಗಿ ತೂಕ ಇಳಿಯುತ್ತಿದೆ, ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂದು ಬರುತ್ತಾಳೆ. ವೈದ್ಯಕೀಯ ಗೊತ್ತಿಲ್ಲದ ಸಮಾಲೋಚಕರು ಪರೀಕ್ಷೆಯ ಆತಂಕ ಎಂದು ಆರು ವಾರ ಉಸಿರಾಟದ ಅಭ್ಯಾಸ ಮಾಡಿಸಿಯಾರು. ಕುತ್ತಿಗೆ ನೋಡಿ ಥೈರಾಯಿಡ್ ಹೆಚ್ಚಾಗಿದೆಯೇನೋ ಎಂಬ ಅನುಮಾನ ಡಾಕ್ಟರಿಗೆ ಮೊದಲ ದಿನವೇ ಬರುತ್ತದೆ. ಎರಡು ಹೆರಿಗೆಯ ನಂತರ ಸದಾ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ ಎನ್ನುವವಳ ಹಿಮೋಗ್ಲೋಬಿನ್ ಎಷ್ಟೆಂದು ಕೇಳುವುದು, ಸ್ಟೆರಾಯ್ಡ್ ಶುರುಮಾಡಿದ ಮೇಲೆ ಅಪ್ಪ ಒಂದೇ ಸಮನೆ ಮಾತಾಡುತ್ತಿದ್ದಾರೆ ಎಂದರೆ ಔಷಧದ ಚೀಟಿ ತೋರಿಸಿ ಎನ್ನುವುದು, ಇವು ಚಿಕ್ಕ ವಿಷಯಗಳಲ್ಲ. ಎಂಬಿಬಿಎಸ್ ಇಲ್ಲಿ ಎಲ್ಲೂ ದಂಡವಾಗಿಲ್ಲ, ದಿನವೂ ದುಡಿಯುತ್ತಿದೆ.

ಸಮಾಲೋಚನೆಯೂ ಆರೈಕೆಯ ಭಾಗ ಎಂಬುದನ್ನು ವೈದ್ಯಕೀಯ ಲೋಕ ಒಂದು ಕಡೆಯಾದರೂ ಕಾನೂನಿನಲ್ಲೇ ಒಪ್ಪಿಕೊಂಡಾಗಿದೆ. 2017ರ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ, ಪರೀಕ್ಷೆಗೆ ಒಪ್ಪಿಗೆ ಪಡೆಯುವುದೆಂದರೆ ಅದರ ಹಿಂದೆ ಮುಂದೆ ಸಮಾಲೋಚನೆಯೂ ಸೇರಿರಬೇಕು. ಎಚ್‌ಐವಿಗೆ ಸರಿಯಾದದ್ದು ಕ್ಯಾನ್ಸರಿಗೆ, ಟೈಪ್ 1 ಮಧುಮೇಹದ ಮಗುವಿನ ತಾಯಿಗೆ ಯಾಕೆ ಸರಿಯಲ್ಲ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಆದರೆ ನನಗೆ ನಿಜವಾಗಿ ಸಿಟ್ಟು ಬರಿಸುವುದು ಮೂರನೆಯ ಮಾತು. ಅದು ಮೆಚ್ಚುಗೆಯ ವೇಷದಲ್ಲಿ ಬರುತ್ತದೆ. ‘ನೀವು ಡಾಕ್ಟರು. ದಿನಕ್ಕೆ ನೂರು ಜನರ ಹತ್ತಿರ ಮಾತಾಡ್ತೀರಿ. ಮಾತಾಡೋದಕ್ಕೆ ನಿಮಗ್ಯಾಕೆ ಬೇರೆ ತರಬೇತಿ?’

ದಿನಕ್ಕೆ ನೂರು ಜನರ ಹತ್ತಿರ ಮಾತಾಡುವುದೇ ತೊಂದರೆ. 1984ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು ಅಮೆರಿಕದಲ್ಲಿ ವೈದ್ಯರ ಕೊಠಡಿಯ ಮಾತುಕತೆಗಳನ್ನು ಧ್ವನಿಮುದ್ರಿಸಿ ಕೇಳಿದರು. ರೋಗಿ ತನ್ನ ತೊಂದರೆ ಹೇಳಲು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ವೈದ್ಯರು ಮಧ್ಯೆ ಬಾಯಿ ಹಾಕಿದ್ದರು. ಅದು ಅಪಾಯಿಂಟ್‌ಮೆಂಟ್ ಕೊಟ್ಟು ನೋಡುವ ದೇಶದ ಮಾತು. ಹಲವು ದೇಶಗಳ ವೈದ್ಯರು ರೋಗಿಗೆ ಕೊಡುವ ಸಮಯವನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಪಾಲು ಸುಮಾರು 2 ನಿಮಿಷ. ಈ ಎರಡು ನಿಮಿಷದಲ್ಲಿ ಬೆಳೆಯುವ ಅಭ್ಯಾಸ ಯಾವುದು? ಪ್ರಶ್ನೆ ಕೇಳುವುದು, ಉತ್ತರದಲ್ಲಿ ಬೇಡದ್ದನ್ನು ತಳ್ಳುವುದು, ತೀರ್ಪು ಹೇಳುವುದು, ಸಕ್ಕರೆ ಕಾಯಿಲೆಯವರು ಹಬ್ಬದಲ್ಲಿ ಹೋಳಿಗೆ ತಿಂದದ್ದಕ್ಕೆ ಬೈಯುವುದು. ನ್ಯುಮೋನಿಯಾ ಬಂದಾಗ ಇದೇ ಅಭ್ಯಾಸ ಜೀವ ಉಳಿಸುತ್ತದೆ. ಸಮಾಲೋಚನೆಯ ಕೊಠಡಿಯಲ್ಲಿ ಮೊದಲು ಬಿಡಬೇಕಾದದ್ದೂ ಇದೇ. ಇಂಟರ್ನ್‌ಶಿಪ್ಪಿನ ಇಡೀ ವರ್ಷದಲ್ಲಿ ಮನೋವೈದ್ಯ ವಿಭಾಗಕ್ಕೆ ಸಿಗುವುದು ಎರಡು ವಾರ. 2019ರ ಹೊಸ ಪಠ್ಯಕ್ರಮ ನಡವಳಿಕೆ, ನೀತಿ, ಸಂವಹನ ಕಲಿಸುವ ಪಾಠಗಳನ್ನು ಸೇರಿಸಿದ್ದು ಒಳ್ಳೆಯದೇ. ಆದರೆ ರೋಗಿಗೆ ನಮಸ್ಕಾರ ಹೇಳಿ ಕೂರಿಸುವುದನ್ನು ಕಲಿತವರು ಸಮಾಲೋಚಕರಾದರು ಎಂದರೆ ಸೂಜಿ ಚುಚ್ಚಲು ಬಂದವರೆಲ್ಲ ಸರ್ಜನ್ ಎಂದಂತೆ.

ತರಬೇತಿ ಎಂದರೆ ಏನು ನಡೆಯುತ್ತದೆ ಎಂದು ಕೇಳುವವರಿಗೆ ಅದರ ಒಂದು ಪುಟ ತೋರಿಸುತ್ತೇನೆ. ಪ್ರತಿ ಭೇಟಿಯ ನಂತರ ನಡೆದ ಮಾತನ್ನು ನೆನಪಿನಿಂದ ಸಾಲುಸಾಲಾಗಿ ಬರೆದು ಮೇಲ್ವಿಚಾರಕರ ಮುಂದೆ ಇಡಬೇಕು. ಡಾಕ್ಟರೊಬ್ಬರು ಹೊಸದಾಗಿ ಬರೆಯುವ ಪುಟ ಸಾಮಾನ್ಯವಾಗಿ ಈ ಜಾಡಿನದು:

‘ಮಗಳು ಹೋದ ಮೇಲೆ ಅಡುಗೆಮನೆಗೆ ಕಾಲಿಡಕ್ಕೇ ಆಗ್ತಿಲ್ಲ ಮೇಡಂ.’

‘ಎಷ್ಟು ದಿನ ಆಯ್ತಮ್ಮಾ?’

‘ಯುಗಾದಿಗೆ ವರ್ಷ ತುಂಬ್ತದೆ.’

‘ಊಟ, ನಿದ್ದೆ ಸರಿಯಾಗಿದೆಯಾ? ತೂಕ ಏನಾದ್ರೂ ಇಳಿದಿದೆಯಾ?’

‘ಹ್ಞೂಂ...’

‘ನೋಡಿ, ನೀವು ಹೀಗೆ ಕೊರಗ್ತಾ ಕೂತರೆ ಚಿಕ್ಕವನನ್ನ ನೋಡ್ಕೊಳ್ಳೋರು ಯಾರು? ಧೈರ್ಯ ತಂದ್ಕೋಬೇಕು.’

ವೈದ್ಯಕೀಯ ಪರೀಕ್ಷೆಯಲ್ಲಿ ಈ ಪುಟಕ್ಕೆ ಒಳ್ಳೆಯ ಅಂಕ ಬರುತ್ತದೆ. ಎಷ್ಟು ಕಾಲದಿಂದ, ಹಸಿವು, ನಿದ್ರೆ, ತೂಕ, ಖಿನ್ನತೆಯ ಪಟ್ಟಿಯಲ್ಲಿ ಕೇಳಬೇಕಾದದ್ದನ್ನು ಕೇಳಿಯಾಗಿದೆ. ಮೇಲ್ವಿಚಾರಕರು ಅಂಚಿನಲ್ಲಿ ಬರೆಯುವುದು ಒಂದೇ ಸಾಲು: ‘ಅಡುಗೆಮನೆ ಎಲ್ಲಿ ಹೋಯಿತು?’ ತಾಯಿ ಬಾಯಿಬಿಟ್ಟು ಹೇಳಿದ್ದು ಅಡುಗೆಮನೆಯ ಬಗ್ಗೆ. ಅಲ್ಲಿ ಏನಾಯಿತು, ಮಗಳು ಅಲ್ಲಿ ಕೂತು ಓದುತ್ತಿದ್ದಳೋ, ಕೊನೆಯ ದಿನ ಅಲ್ಲೇ ಜಗಳವಾಡಿದ್ದರೋ, ಇವತ್ತು ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದಾರೋ ಡಾಕ್ಟರಿಗೆ ತಿಳಿಯಲೇ ಇಲ್ಲ. ಕಡೆಗೆ ಬಂದ ‘ಧೈರ್ಯ ತಂದ್ಕೋಬೇಕು’ ಎಂಬ ಮಾತು ಆ ತಾಯಿಗೆ ನೆಂಟರೆಲ್ಲ ಆಗಲೇ ಹೇಳಿ ಮುಗಿಸಿದ್ದು. ಇಂಥ ಪುಟಗಳನ್ನು ವಾರ ವಾರ ಬರೆದು, ಇನ್ನೊಬ್ಬರ ಮುಂದೆ ಓದಿ, ಮುಖ ಕೆಂಪಾಗಿ, ಮತ್ತೆ ಹೋಗಿ ಕೂತು ಕಲಿಯಬೇಕು. ಸ್ಟೆತಸ್ಕೋಪು ಹಿಡಿದ ಮೇಲೆ ಇನ್ನೊಬ್ಬರಿಂದ ತಿದ್ದಿಸಿಕೊಂಡು ಗೊತ್ತಿಲ್ಲದವರಿಗೆ ಇದು ಎಂ.ಡಿ. ಪ್ರವೇಶ ಪರೀಕ್ಷೆಗಿಂತ ಕಷ್ಟ.

ಈ ಜಗಳಕ್ಕೆ ಹತ್ತಿರ ಹತ್ತಿರ ನೂರು ವರ್ಷವಾಯಿತು. ವಿಯೆನ್ನಾದಲ್ಲಿ ವೈದ್ಯರಲ್ಲದ ಮನೋವಿಶ್ಲೇಷಕ ಥಿಯೊಡರ್ ರೈಕ್ ಮೇಲೆ ನಕಲಿ ವೈದ್ಯ ಎಂಬ ಆರೋಪ ಬಂದಾಗ, ಸ್ವತಃ ವೈದ್ಯನಾದ ಫ್ರಾಯ್ಡ್ 1926ರಲ್ಲಿ ಒಂದು ಪುಸ್ತಕವನ್ನೇ ಬರೆದು ಅವನ ಪರ ನಿಂತ. ತರಬೇತಿಯಿಲ್ಲದೆ ಈ ಕೆಲಸಕ್ಕೆ ಕೈಹಾಕುವವನೇ ನಕಲಿ, ಮನೋವಿಶ್ಲೇಷಣೆಯ ವಿಷಯದಲ್ಲಿ ಅಂಥವರಲ್ಲಿ ಹೆಚ್ಚಿನವರು ವೈದ್ಯರೇ ಎಂಬುದು ಅವನ ವಾದವಾಗಿತ್ತು. 1950ರ ದಶಕದ ಲಂಡನ್ನಿನಲ್ಲಿ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ ಸಾಮಾನ್ಯ ವೈದ್ಯರನ್ನು ವಾರವಾರ ಗುಂಪಾಗಿ ಕೂರಿಸಿ ತಮ್ಮ ರೋಗಿಗಳ ಬಗ್ಗೆ ಮಾತಾಡಿಸಿದ. ವೈದ್ಯರು ಬರೆಯುವ ಔಷಧಗಳಲ್ಲಿ ವೈದ್ಯರೇ ಒಂದು ಔಷಧ, ಅದರ ಡೋಸು ಮಾತ್ರ ಯಾರಿಗೂ ಗೊತ್ತಿಲ್ಲ ಎಂಬುದು ಅವನು ಕಂಡುಕೊಂಡ ಸತ್ಯ. ಡೋಸು ತಿಳಿಯದ ಔಷಧವನ್ನು ಮನಸ್ಸಿಗೆ ಬಂದಂತೆ ಹಂಚುತ್ತಾ, ಅದಕ್ಕೆ ಕಲಿಕೆ ಬೇಕಿಲ್ಲ ಎನ್ನುವ ಧೈರ್ಯ ನಮ್ಮದು.

ಈ ಧೈರ್ಯದ ಫಲ ಊರೂರಲ್ಲಿ ಕಾಣುತ್ತದೆ. ಎರಡು ದಿನದ ಕಾರ್ಯಾಗಾರಕ್ಕೆ ಹೋಗಿಬಂದು, ಬೋರ್ಡಿನಲ್ಲಿ ಎಂಬಿಬಿಎಸ್ ಕೆಳಗೆ ‘ಕೌನ್ಸೆಲರ್’ ಎಂದು ಬರೆಸಿಕೊಂಡವರಿದ್ದಾರೆ. ದಾಂಪತ್ಯ ಸಲಹೆ, ಮಕ್ಕಳ ಏಕಾಗ್ರತೆ, ವ್ಯಸನ ಮುಕ್ತಿ, ಸಂಜೆ 6ರಿಂದ 8. ಡಾಕ್ಟರು ಎಂಬ ಹೆಸರಿಗೆ ಜನ ನಂಬುತ್ತಾರೆ. ಡಾಕ್ಟರಲ್ಲದವರ ಕಡೆಯೂ ಕಥೆ ಬೇರೆಯಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ. ಸಮಾಲೋಚಕರನ್ನು ಒಂದು ವೃತ್ತಿಯಾಗಿ ಕಾನೂನಿನ ಪಟ್ಟಿಗೆ ತಂದದ್ದು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ. ಅಲ್ಲಿಯವರೆಗೆ ಬೋರ್ಡು ಬರೆಸಲು ಬಣ್ಣದ ಖರ್ಚೊಂದೇ ಅಡ್ಡಿಯಾಗಿತ್ತು. ಕಲಿತು ಬರುತ್ತೇನೆ ಎಂದವರನ್ನು ತಡೆದು, ಕಲಿಯದೆ ಕೂತವರಿಗೆ ‘ಡಾಕ್ಟರಲ್ವೇ, ಗೊತ್ತಿರುತ್ತೆ’ ಎಂದು ಕೈಮುಗಿಯುವುದು ಒಂದೇ ನಂಬಿಕೆಯ ಎರಡು ಮುಖ.

ಗೋವಾದ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಲು ನೋಡುವವರೂ ಇದ್ದಾರೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ, ವೃತ್ತಿಪರರಲ್ಲದ ಸ್ಥಳೀಯ ಸಮಾಲೋಚಕರು ಕೆಲವೇ ಭೇಟಿಗಳಲ್ಲಿ ಮಾತಿನ ಚಿಕಿತ್ಸೆ ಕೊಟ್ಟರು. ಮೂರು ತಿಂಗಳಿಗೆ ಆ ಚಿಕಿತ್ಸೆ ಪಡೆದವರಲ್ಲಿ ಶೇ 64 ಜನ ಖಿನ್ನತೆಯಿಂದ ಹೊರಬಂದರು; ಆ ಭೇಟಿಗಳಿಲ್ಲದ ಗುಂಪಿನಲ್ಲಿ ಶೇ 39. ‘ನೋಡಿ, ಡಾಕ್ಟರೇ ಬೇಕಿಲ್ಲ, ಊರಿನವರೇ ಸಾಕು.’ ಸಾಕು, ನಾನೂ ಒಪ್ಪುತ್ತೇನೆ. ಆದರೆ ಆ ಊರಿನವರಿಗೆ ಮೊದಲು ತರಬೇತಿಯಾಗಿತ್ತು, ಅವರ ಭೇಟಿಗಳ ಧ್ವನಿಮುದ್ರಿಕೆಯನ್ನು ಕೇಳಿ ಅಂಕ ಕೊಟ್ಟು ತಿದ್ದುವ ಏರ್ಪಾಡಿತ್ತು. ಅಂಥ ತಿದ್ದುವಿಕೆಗೆ ನಮ್ಮ ಎಷ್ಟು ಮಂದಿ ಎಂಬಿಬಿಎಸ್ ವೈದ್ಯರು ತಲೆಬಾಗಿದ್ದಾರೆ? ಗೋವಾ ಹೇಳುವುದು ಪದವಿ ಬೇಕಿಲ್ಲ ಎಂದು. ತರಬೇತಿ ಬೇಕಿಲ್ಲ ಎಂದಲ್ಲ. ಊರಿನ ಸಮಾಲೋಚಕಿಗೆ ಅನುಮಾನ ಬಂದಾಗ ಕೇಳಲು ಹತ್ತಿರದಲ್ಲೇ ಒಬ್ಬ ವೈದ್ಯರು ಬೇಕು, ಆ ವೈದ್ಯರಿಗೆ ಸಮಾಲೋಚನೆಯ ಗಂಧವಾದರೂ ಇರಬೇಕು.

ದುಡ್ಡಿನ ಮಾತನ್ನು ಮುಚ್ಚಿಡುವುದಿಲ್ಲ. ಮುಕ್ಕಾಲು ಗಂಟೆಗೆ ಒಬ್ಬರನ್ನು ನೋಡುವವರು ಅದೇ ಹೊತ್ತಿಗೆ ಇಪ್ಪತ್ತು ಜನರನ್ನು ನೋಡುವವರಷ್ಟು ಸಂಪಾದಿಸುವುದಿಲ್ಲ. ಶೈಕ್ಷಣಿಕ ಸಾಲ ತೀರಿಸಬೇಕಾದವರು ಹಿಂಜರಿದರೆ ಯಾರೂ ದೂರಬಾರದು. ಅದಕ್ಕಿಂತ ಜಟಿಲವಾದದ್ದು ಸಣ್ಣ ಊರಿನ ಗುಟ್ಟಿನ ಪ್ರಶ್ನೆ. ಸೊಸೆ ಬಂದು ಅತ್ತೆಯ ಬಗ್ಗೆ ಅತ್ತ ಮಾರನೆಯ ದಿನ ಅದೇ ಅತ್ತೆ ಬಿಪಿ ತೋರಿಸಲು ಬರುತ್ತಾಳೆ. ‘ನಮ್ಮನೆಯವಳು ನಿಮ್ಮತ್ರ ಬಂದಿದ್ಲಂತಲ್ಲಾ, ಏನಂತೆ ಡಾಕ್ಟ್ರೇ?’ ಎಂದು ಗಂಡ ಚಹಾದಂಗಡಿಯಲ್ಲಿ ಕೇಳುತ್ತಾನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದಿದೆ. ಚಹಾದಂಗಡಿಯಲ್ಲಿ ಅದನ್ನು ಕಾಪಾಡುವುದು ಹೇಗೆಂದು ಹೇಳಿಲ್ಲ. ಒಬ್ಬರೇ ಆ ಮನೆಯ ವೈದ್ಯರೂ ಸಮಾಲೋಚಕರೂ ಆಗಬಹುದೇ, ಯಾರನ್ನು ಬೇರೆಯವರ ಬಳಿ ಕಳಿಸಬೇಕು ಎಂಬುದನ್ನು ತರಬೇತಿಯಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತಾರೆ. ‘ಮಾತಾಡೋದಕ್ಕೆ ಏನು ಮಹಾ’ ಎನ್ನುವವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಕನ್ನಡದವರಾಗಿ ನಾವು ಇಷ್ಟು ಮರೆವಿನವರಾಗಬೇಕಿರಲಿಲ್ಲ. ‘ಕೊರವಂಜಿ’ ಹಾಸ್ಯ ಪತ್ರಿಕೆ ನಡೆಸಿ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಬರೆದಾಗ, ತಾಯಂದಿರಿಗೆ ಹೇಳಲು ನಾಚಿಕೆಯಾಗುತ್ತಿದ್ದ ವಿಷಯಗಳನ್ನು ಒಂದು ತಲೆಮಾರಿನ ಹುಡುಗಿಯರು ಆ ಪುಟಗಳಲ್ಲಿ ಓದಿಕೊಂಡರು. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ನಿವೃತ್ತಿಯ ನಂತರವೂ ‘ಸಮಾಧಾನ’ ಕೇಂದ್ರದಲ್ಲಿ ಉಚಿತವಾಗಿ ಸಮಾಲೋಚನೆ ನಡೆಸುತ್ತಾ ಬಂದವರು. 2024ರಲ್ಲಿ ಪದ್ಮಶ್ರೀ ಪಡೆದರು. ಇವರ ಸೀಟು ದಂಡವಾಯಿತು ಎಂದು ಯಾರೂ ಹೇಳಿಲ್ಲ. ಪ್ರಶಸ್ತಿ ಬಂದ ಮೇಲೆ ಹೇಳುವುದೂ ಇಲ್ಲ.

ಹೊರಟವರಿಗೆ ದಾರಿ ಸುಲಭವಾಗಿದೆ ಎಂದೇನೂ ಅಲ್ಲ. ಚಿಕಿತ್ಸಾ ಮನಶ್ಶಾಸ್ತ್ರದ ಎಂ.ಫಿಲ್.ಗೆ ಎಂಬಿಬಿಎಸ್ ಇದ್ದರೆ ಸಾಲುತ್ತಿರಲಿಲ್ಲ, ಮೊದಲು ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕಿತ್ತು. ಇಗ್ನೊ ಸಮಾಲೋಚನೆ ಮತ್ತು ಕುಟುಂಬ ಚಿಕಿತ್ಸೆಯ ಕೋರ್ಸು ನಡೆಸಿದೆ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಸಮಾಲೋಚನಾ ಮನಶ್ಶಾಸ್ತ್ರದ ಎಂ.ಎಸ್ಸಿ. ಇದೆ. ಆಯ್ಕೆ ಮಾಡುವಾಗ ಕಾಲೇಜಿನ ಕಟ್ಟಡ ನೋಡದೆ, ಎಷ್ಟು ಗಂಟೆ ನಿಜವಾದ ಜನರೊಂದಿಗೆ ಕೂರಿಸುತ್ತಾರೆ, ಬರೆದ ಪುಟಗಳನ್ನು ಯಾರು ಓದುತ್ತಾರೆ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಫೀಸು ಕಟ್ಟಬೇಡಿ.

ಇನ್ನು ಆರೋಗ್ಯ ಇಲಾಖೆಗೆ ಒಂದು ಮಾತು. ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಹದಿಹರೆಯದವರ ಸ್ನೇಹ ಕ್ಲಿನಿಕ್ಕಿನಲ್ಲಿ ಸಮಾಲೋಚಕರ ಕೆಲಸಕ್ಕೆ ಜಾಗ ಮಾಡಿದ್ದೀರಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆದರೆ ಮಂಗಳವಾರದ ಮನೋವೈದ್ಯರು ಹೊರಟ ಮೇಲೆ, ಬುಧವಾರದಿಂದ ಸೋಮವಾರದವರೆಗೆ ಅದೇ ಜನರನ್ನು ನೋಡುವವರು ಎಂಬಿಬಿಎಸ್ ವೈದ್ಯರು. ತಾಲ್ಲೂಕಿಗೆ ಅಂಥ ಒಬ್ಬರಿಗೆ ಮೇಲ್ವಿಚಾರಣೆಯೊಂದಿಗೆ ಒಂದು ವರ್ಷದ ತರಬೇತಿ, ಬಂದ ಮೇಲೆ ವಾರಕ್ಕೆ ಎರಡು ಮಧ್ಯಾಹ್ನ ಹೊರರೋಗಿಗಳ ಸಾಲಿನಿಂದ ಬಿಡುವು, ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೊಠಡಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ.